ತಿದ್ದಬಹುದು, ಕೆಡಿಸುವಂತಿಲ್ಲ

ಆಕಾಶವಾಣಿ ಮಂಗಳೂರು ಕೇಂದ್ರದ ಕೇಳುಗರಿಗೆ ನಮಸ್ಕಾರ. ಬೀಡಿ ಕಟ್ಟುತ್ತಾ ರೇಡಿಯೊ ಇಟ್ಟುಕೊಂಡ ಅಕ್ಕಂದಿರೇ, ಅಂಗಡಿಯಲ್ಲಿ ಕೂತ ಅಣ್ಣಂದಿರೇ, ಸಂವಿಧಾನ ಎಂದ ಕೂಡಲೇ ದಯವಿಟ್ಟು ಸ್ಟೇಷನ್ ತಿರುಗಿಸಬೇಡಿ. ನಾನು ಒಂದೇ ಒಂದು ಮಾತು ಹೇಳಲಿಕ್ಕೆ ಬಂದವನು. ಸಂಸತ್ತು ಸಂವಿಧಾನವನ್ನು ತಿದ್ದಬಹುದು. ಅದರ ಮೂಲ ಸ್ವರೂಪವನ್ನು, ಅಂದರೆ ಅದು ನಿಂತ ಅಡಿಪಾಯವನ್ನು, ಕೆಡಿಸುವಂತಿಲ್ಲ.

ಟಿ.ವಿ. ಚರ್ಚೆಯಲ್ಲಿ ಒಬ್ಬರು, ಬಹುಮತ ಕೊಡಿ, ಸಂವಿಧಾನವನ್ನೇ ಬದಲಿಸುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು, ಒಂದಕ್ಷರ ಮುಟ್ಟಿದರೂ ಬಿಡುವುದಿಲ್ಲ ಎನ್ನುತ್ತಾರೆ. ಇಬ್ಬರಿಗೂ ದೊಡ್ಡ ನಮಸ್ಕಾರ! 2023ರ ಹೊತ್ತಿಗೇ 106 ತಿದ್ದುಪಡಿಗಳಾಗಿದ್ದವು, ಮೊದಲನೆಯದು 1951ರಲ್ಲೇ. ಹಾಗೆಂದು ಮನಸ್ಸಿಗೆ ಬಂದದ್ದನ್ನೆಲ್ಲ ಮಾಡಲಿಕ್ಕೂ ಬರುವುದಿಲ್ಲ. ಹಾಗೆ ಗೆರೆ ಎಳೆದ ಕೇಸು ಹುಟ್ಟಿದ್ದು ದೆಹಲಿಯಲ್ಲಲ್ಲ ಮಾರಾಯ್ರೆ, ಇಲ್ಲೇ, ತಲಪಾಡಿ ದಾಟಿ, ಕಾಸರಗೋಡು ಕಳೆದು, ಚೆರ್ಕಳದಿಂದ ಒಳಗೆ ಹೋದರೆ ಸಿಗುವ ಎಡನೀರು ಮಠದಲ್ಲಿ.

1956ರವರೆಗೆ ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದೇ. ಕೇರಳದ ಭೂಸುಧಾರಣೆ ಕಾಯ್ದೆಯಿಂದ ಮಠದ ಜಮೀನು ಕೈಬಿಡುವ ಹೊತ್ತು ಬಂತು. 1970ರಲ್ಲಿ ಕೇಶವಾನಂದ ಭಾರತಿ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು. ಕೇಳಿದ್ದು ಮಠದ ಆಸ್ತಿಯ ಹಕ್ಕು, ಅಷ್ಟೇ. ಕೇಸು ನಡೆಯುತ್ತಿರುವಾಗಲೇ ಸಂಸತ್ತು ಒಂದರ ಹಿಂದೆ ಒಂದು ತಿದ್ದುಪಡಿ ತಂದಿತು. 29ನೆಯ ತಿದ್ದುಪಡಿಯಂತೂ ಆ ಕೇರಳದ ಕಾಯ್ದೆಯನ್ನೇ ಒಂಬತ್ತನೇ ಅನುಸೂಚಿಗೆ ಸೇರಿಸಿ ಕೋರ್ಟಿನ ಕೈಗೆ ಸಿಗದಂತೆ ಮಾಡಿತು. ಮಠದ ಗದ್ದೆಯ ಪ್ರಶ್ನೆ ಹೋಗಿ ದೇಶದ ಪ್ರಶ್ನೆಯಾಯಿತು: ಸಂಸತ್ತು ಎಲ್ಲಿಯವರೆಗೆ ತಿದ್ದಬಹುದು?

13 ನ್ಯಾಯಮೂರ್ತಿಗಳು ಕೂತರು. ಅದಕ್ಕಿಂತ ದೊಡ್ಡ ಪೀಠ ಇವತ್ತಿನವರೆಗೆ ಕೂತಿಲ್ಲ. ವಕೀಲ ನಾನಿ ಪಾಲ್ಖಿವಾಲಾ ಸ್ವಾಮೀಜಿಯ ಪರ. ವಾದ 68 ದಿನ ನಡೆಯಿತು. 1973ರ ಏಪ್ರಿಲ್ 24ರಂದು ಏಳು–ಆರರ ತೀರ್ಪು: ತಿದ್ದಬಹುದು, ಮೂಲ ಸ್ವರೂಪ ಕೆಡಿಸುವಂತಿಲ್ಲ.

ಸ್ವಾಮೀಜಿ ಯಕ್ಷಗಾನದಲ್ಲಿ ಭಾಗವತಿಕೆಯನ್ನೂ ಮಾಡಿದವರು, ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಎಷ್ಟು ಬೇಕಾದರೂ ವಾದ ಬೆಳೆಸಲಿ, ರಾತ್ರಿ ಬೆಳಗಾಗಲಿ. ಆದರೆ ಸಂಧಾನಕ್ಕೆ ಬಂದ ಕೃಷ್ಣನ ಮಾತಿಗೆ ಕೌರವ 'ಆಯಿತು, ಐದು ಗ್ರಾಮ ತಗೊಳ್ಳಿ' ಎಂದುಬಿಟ್ಟರೆ? ಭಾಗವತರು ಜಾಗಟೆ ಕೆಳಗಿಟ್ಟು ಎದ್ದುಹೋಗಬೇಕಷ್ಟೆ!

ಜಮೀನು ಏನಾಯಿತು? ಮಠಕ್ಕೆ ಮರಳಿ ಬರಲಿಲ್ಲ. ಇದನ್ನು ಗಮನಿಸಿ. ನಮ್ಮಲ್ಲಿ ಭೂಸುಧಾರಣೆಯ ಡಿಕ್ಲರೇಶನ್ ಅರ್ಜಿ ಹಾಕಿ ಗೇಣಿಯ ಜಾಗ ಪಡೆದ ಮನೆಗಳು ಎಷ್ಟಿಲ್ಲ? ಕೋರ್ಟು ಭೂಸುಧಾರಣೆಯನ್ನು ಹೊಡೆದುಹಾಕಲಿಲ್ಲ. ಅದನ್ನು ಕಾಪಾಡಿದ 29ನೆಯದು ಬರೀ ತಿದ್ದುಪಡಿ, ನಡೆಯಲಿ ಎಂದಿತು. ಮಠ ಸೋತಿತು, ಒಕ್ಕಲಿಗೆ ಗದ್ದೆ ಉಳಿಯಿತು, ಜೊತೆಗೆ ನಿಮ್ಮ ನನ್ನ ಹಕ್ಕಿಗೂ ಕಾವಲು ಸಿಕ್ಕಿತು. ಇಂಥ ಸೋಲು ಎಷ್ಟು ಜನರಿಗೆ ಸಿಗುತ್ತದೆ ಹೇಳಿ!

ಆ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕೌಡೂರಿನವರು, ಕೆ. ಎಸ್. ಹೆಗ್ಡೆ. ತೀರ್ಪಿನ ಮರುದಿನವೇ ಸರ್ಕಾರ ಹಿರಿತನದಲ್ಲಿ ಮುಂದಿದ್ದ ಮೂವರನ್ನು ಬಿಟ್ಟು ನಾಲ್ಕನೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಆ ಮೂವರಲ್ಲಿ ಹೆಗ್ಡೆಯವರೂ ಇದ್ದರು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು 1977ರಲ್ಲಿ ಚುನಾವಣೆಗೆ ನಿಂತು ಗೆದ್ದು, ಲೋಕಸಭೆಯ ಸ್ಪೀಕರ್ ಆದರು. ನಮ್ಮ ಕಾಲೇಜು ಮಕ್ಕಳಿಗೆ ಇವರ ಹೆಸರೇ ಗೊತ್ತಿಲ್ಲ ಎನ್ನುವಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ.

ಎಡನೀರಿನಲ್ಲೇ ಸಮಯ ಹೋಯಿತು, ಉಳಿದದ್ದನ್ನು ಓಡಿಸುತ್ತೇನೆ. ಪ್ರಧಾನಿಯ ಚುನಾವಣೆಯನ್ನು ಕೋರ್ಟು ಪ್ರಶ್ನಿಸಬಾರದು ಎಂಬ ತಿದ್ದುಪಡಿ ತುರ್ತುಪರಿಸ್ಥಿತಿಯ ಮಧ್ಯೆಯೇ, 1975ರಲ್ಲಿ, ಬಿದ್ದುಹೋದದ್ದು ಇದೇ ತೀರ್ಪಿನ ಬಲದಿಂದ. 1994ರಲ್ಲಿ ನಮ್ಮ ಎಸ್. ಆರ್. ಬೊಮ್ಮಾಯಿಯವರ ಪ್ರಕರಣ: ಬಹುಮತ ಎಣಿಸುವುದು ಸದನದಲ್ಲಿ, ರಾಜಭವನದಲ್ಲಲ್ಲ. 2015ರಲ್ಲಿ ನ್ಯಾಯಾಧೀಶರ ನೇಮಕದ ತಿದ್ದುಪಡಿ ಬಿದ್ದಿತು. ಎಲ್ಲ ಕಡೆ ಅದೇ ಮಾತು: ಮೂಲ ಸ್ವರೂಪ ಕೆಡಿಸಬೇಡಿ.

ಅಂಬೇಡ್ಕರರ ಕರಡು ಸಮಿತಿಯ ಕೈಗೆ ಬಂದ ಮೊದಲ ಕರಡನ್ನು ಬರೆದ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲೇ ಹುಟ್ಟಿದವರು. ಅವರ ಕರಡಿನಲ್ಲಿ ಇದ್ದದ್ದು 243 ವಿಧಿ, ಕೊನೆಗೆ ಆದದ್ದು 395. ನಡುವಿನ ಕತೆ ಹೇಳಬೇಕಾದರೆ ನಿಲಯದವರು ನನ್ನನ್ನು ಇನ್ನೊಮ್ಮೆ ಕರೆಯಬೇಕು. ನಮಸ್ಕಾರ.