ಲೇಖನದ ವಿಳಾಸ ಮುಟ್ಟಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನೀವೊಂದು ಆನ್‌ಲೈನ್ ಅಂಗಡಿ ನಡೆಸುತ್ತಿದ್ದೀರಿ. ಅದರ ಜೊತೆಗೇ ಒಂದು ಬ್ಲಾಗ್ ಇದೆ. ಬಿಡುವು ಮಾಡಿಕೊಂಡು, ಕಷ್ಟಪಟ್ಟು ಲೇಖನ ಬರೆಯುತ್ತೀರಿ. ಒಂದಿಷ್ಟು ದಿನ ಜನ ಗೂಗಲ್‌ನಲ್ಲಿ ಹುಡುಕಿಕೊಂಡು ಬಂದರು. ಆಮೇಲೆ ಬರುವುದು ನಿಂತೇಹೋಯಿತು. ಯಾಕೆ ಅಂತ ಗೊತ್ತಾಗುತ್ತಿಲ್ಲ. ಹೀಗೆ ತಲೆಕೆಡಿಸಿಕೊಂಡು ಕೂತಿರುವ ಒಬ್ಬರು ಈಗ ರೇಡಿಯೋ ಕೇಳುತ್ತಿದ್ದಾರೆ ಅಂದುಕೊಂಡೇ ನಾನು ಮಾತಾಡುತ್ತೇನೆ.

ನನ್ನ ಮಾತು ಒಂದೇ. ಮೊದಲೇ ಹೇಳಿಬಿಡುತ್ತೇನೆ. ಲೇಖನದ ವಿಳಾಸ ಬದಲಾಯಿಸಬೇಡಿ. ಬದಲಾಯಿಸಲೇಬೇಕಾಗಿ ಬಂದರೆ, ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ಹಾಕಿ.

ವಿಳಾಸ ಅಂದರೆ ಯುಆರ್‌ಎಲ್. ಬ್ರೌಸರ್‌ನ ಮೇಲ್ಗಡೆ ಉದ್ದಕ್ಕೆ ಕಾಣುತ್ತದಲ್ಲ, ಅದು. ತುಂಬಾ ಜನ ಅದನ್ನು ಗಮನಿಸುವುದೇ ಇಲ್ಲ. ಲೇಖನದ ತಲೆಬರಹ ನೋಡುತ್ತಾರೆ, ಚಿತ್ರ ನೋಡುತ್ತಾರೆ, ಅಕ್ಷರದ ಬಣ್ಣ ನೋಡುತ್ತಾರೆ. ಗೂಗಲ್ ನಿಮ್ಮ ಲೇಖನವನ್ನು ಗುರುತು ಹಿಡಿಯುವುದು ಮಾತ್ರ ಆ ವಿಳಾಸದಿಂದ.

ಗೂಗಲ್‌ಬಾಟ್ ಅಂತ ಒಂದು ಪ್ರೋಗ್ರಾಂ ಇದೆ. ಅದು ಒಂದು ಲಿಂಕ್‌ನಿಂದ ಇನ್ನೊಂದು ಲಿಂಕ್‌ಗೆ ಓಡಾಡುತ್ತಾ ಪುಟಗಳನ್ನು ಓದುತ್ತದೆ. ಓದಿದ್ದನ್ನು ಇಂಡೆಕ್ಸ್ ಎಂಬ ದೊಡ್ಡ ಕಡತದಲ್ಲಿ ಸೇರಿಸುತ್ತದೆ. ನಾವು ಏನಾದರೂ ಹುಡುಕಿದಾಗ ಉತ್ತರ ಬರುವುದು ಈ ಕಡತದಿಂದ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಗೂಗಲ್ ಕಂಪನಿ ಶುರು ಮಾಡಿದಾಗ ಅದರ ಬುಡದಲ್ಲಿದ್ದ ಯೋಚನೆ ಬಹಳ ಸರಳ. ಒಬ್ಬರು ಇನ್ನೊಬ್ಬರ ಪುಟಕ್ಕೆ ಲಿಂಕ್ ಕೊಟ್ಟರೆ ಅದು ವೋಟು ಹಾಕಿದ ಹಾಗೆ. ಈಗ ಲೆಕ್ಕಾಚಾರ ತುಂಬಾ ಬೆಳೆದಿದೆ. ಆದರೂ ಲಿಂಕ್‌ಗೆ ಇರುವ ಬೆಲೆ ಹೋಗಿಲ್ಲ. ಆ ವೋಟು ಬೀಳುವುದು ಯಾವುದಕ್ಕೆ? ವಿಳಾಸಕ್ಕೆ. ವಿಳಾಸ ಹೋದರೆ ವೋಟೂ ಹೋಯಿತು.

ಇದನ್ನು ಒಂದು ಕಥೆಯ ಮೂಲಕ ಹೇಳುತ್ತೇನೆ. ನಾನೇ ಕಣ್ಣಾರೆ ನೋಡಿದ್ದು.

ಒಬ್ಬರು ತೋಟದ ಸಾಮಾನು ಮಾರುವ ಆನ್‌ಲೈನ್ ಅಂಗಡಿ ನಡೆಸುತ್ತಿದ್ದರು. ಆರು ವರ್ಷ ಒಬ್ಬರೇ ಕೂತು ಬ್ಲಾಗ್ ಬರೆದಿದ್ದರು. ಅದರಲ್ಲಿ ಒಂದು ಲೇಖನ, ಗಿಡ ಕತ್ತರಿಸುವ ಕತ್ತರಿ ಮೊಂಡಾದರೆ ಮನೆಯಲ್ಲೇ ಚೂಪು ಮಾಡುವುದು ಹೇಗೆ ಅಂತ. ಎಷ್ಟು ಚೆನ್ನಾಗಿತ್ತು ಅಂದರೆ, ನಾನೂ ಅದನ್ನು ಓದಿ ನನ್ನ ಕತ್ತರಿ ಚೂಪು ಮಾಡಿಕೊಂಡಿದ್ದೇನೆ. ಸಾಣೆ ಕಲ್ಲನ್ನು ಯಾವ ಕೋನದಲ್ಲಿ ಹಿಡಿಯಬೇಕು, ಯಾವ ಕಡೆ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲದಕ್ಕೂ ಅವರೇ ತೆಗೆದ ಚಿತ್ರ. ತೋಟದ ಹುಚ್ಚಿರುವ ಎಷ್ಟೋ ಜನ ತಮ್ಮ ತಮ್ಮ ಸೈಟ್‌ಗಳಿಂದ ಅದಕ್ಕೆ ಲಿಂಕ್ ಕೊಟ್ಟಿದ್ದರು. ಅದನ್ನು ಓದಲು ಬಂದವರು ಅಲ್ಲೇ ಕಲ್ಲು ಕೊಳ್ಳುತ್ತಿದ್ದರು, ಕತ್ತರಿ ಕೊಳ್ಳುತ್ತಿದ್ದರು. ಅಂಗಡಿಯ ಅನ್ನದಾತ ಆ ಒಂದು ಲೇಖನ.

ಒಂದು ದಿನ ಅಂಗಡಿಗೆ ಹೊಸ ರೂಪ ಕೊಡೋಣ ಅಂತ ಒಂದು ತಂಡಕ್ಕೆ ಕೆಲಸ ಒಪ್ಪಿಸಿದರು. ಸೈಟ್ ಅಂದವಾಗಿ ಬಂತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಂಡ ಸುಮ್ನೆ ಇರಲಾರದೆ ವಿಳಾಸಗಳನ್ನೂ ಚಂದ ಮಾಡಿತು. ವಿಳಾಸದಲ್ಲಿ 'ಬ್ಲಾಗ್' ಅಂತ ಇದ್ದ ಕಡೆ 'ಗೈಡ್' ಅಂತ ಆಯಿತು. ಅಷ್ಟೇ. ಒಂದು ಪದ. ಅದರಿಂದ ಆರು ವರ್ಷದ ಎಲ್ಲ ಲೇಖನಗಳ ವಿಳಾಸ ಒಂದೇ ರಾತ್ರಿಯಲ್ಲಿ ಬೇರೆಯಾದವು. ಹಳೆಯದರಿಂದ ಹೊಸದಕ್ಕೆ ದಾರಿ ಯಾರೂ ಹಾಕಲಿಲ್ಲ.

ಕೆಲವೇ ವಾರಗಳಲ್ಲಿ ಓದುಗರು ಕರಗಿದರು. ಅಂಗಡಿಯವರು ಏನು ಮಾಡಿದರು ಗೊತ್ತಾ? ಹೊಸ ಲೇಖನ ಬರೆಯಲು ಕೂತರು. ನಿದ್ದೆಗೆಟ್ಟು ದಿನಕ್ಕೊಂದು ಬರೆದರು. ಏನೂ ಪ್ರಯೋಜನವಾಗಲಿಲ್ಲ. ಮೂರು ತಿಂಗಳಾದ ಮೇಲೆ ನನಗೆ ಫೋನ್ ಮಾಡಿದರು. 'ನನಗೆ ಬರೆಯೋದಕ್ಕೆ ಬರೋದಿಲ್ಲ ಅನ್ನಿಸುತ್ತೆ, ಬ್ಲಾಗ್ ಮುಚ್ಚಿಬಿಡುತ್ತೇನೆ' ಅಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಅಷ್ಟು ಚೆನ್ನಾಗಿ ಬರೆಯುವವರು!

ನಾನು ಕತ್ತರಿ ಲೇಖನದ ಹಳೆಯ ವಿಳಾಸವನ್ನು ಒತ್ತಿದೆ. 404 ಅಂತ ಬಂತು. ಅಂದರೆ, ಈ ಪುಟ ಇಲ್ಲಿ ಇಲ್ಲ. ಎಲ್ಲೆಲ್ಲಿಂದಲೋ ಜನ ಕೊಟ್ಟಿದ್ದ ಲಿಂಕ್‌ಗಳೆಲ್ಲ ಬಂದು ಅದೇ ಖಾಲಿ ಬಾಗಿಲಿಗೆ ಬಡಿಯುತ್ತಿದ್ದವು. ಲೇಖನ ಪಕ್ಕದ ವಿಳಾಸದಲ್ಲಿ ಜೀವಂತ ಇದೆ, ಅಲ್ಲಿಗೆ ಹೋಗುವ ದಾರಿ ಮಾತ್ರ ಇಲ್ಲ. ಮನೆ ಬದಲಿಸುವಾಗ ನಾವು ಹಳೆಯ ಮನೆಯ ಪಕ್ಕದವರಿಗೆ ಹೇಳಿ ಹೋಗುತ್ತೇವೆ, ಅಲ್ವಾ? ಆ ಒಂದು ಮಾತು ಯಾರೂ ಹೇಳಿರಲಿಲ್ಲ.

ಆ ತಂಡಕ್ಕೆ ಹೇಳಿದಾಗ ಅವರು ಇನ್ನೊಂದು ತಪ್ಪು ಮಾಡಿದರು. ಹಳೆಯ ವಿಳಾಸಗಳನ್ನೆಲ್ಲ ಒಟ್ಟಾಗಿ ಅಂಗಡಿಯ ಮುಖಪುಟಕ್ಕೆ ತಿರುಗಿಸಿದರು. ಕತ್ತರಿ ಚೂಪು ಮಾಡುವುದನ್ನು ಹುಡುಕಿ ಬಂದವರಿಗೆ ಮುಖಪುಟ ಯಾಕೆ ಬೇಕು? ಗೂಗಲ್ ಕೂಡ ಇದನ್ನು ಒಪ್ಪುವುದಿಲ್ಲ. ಅಂಥದ್ದನ್ನು ಪುಟವೇ ಇಲ್ಲದ ಲೆಕ್ಕಕ್ಕೆ ಸೇರಿಸುತ್ತದೆ. ಸಾಫ್ಟ್ 404 ಅಂತ ಅದರ ಹೆಸರು.

ಕೊನೆಗೆ ನಾನೂ ಅಂಗಡಿಯವರೂ ಎರಡು ಸಂಜೆ ಕೂತೆವು. ಒಂದು ಪಟ್ಟಿ ಮಾಡಿದೆವು. ಎಡಗಡೆ ಹಳೆಯ ವಿಳಾಸ, ಬಲಗಡೆ ಅದೇ ಲೇಖನದ ಹೊಸ ವಿಳಾಸ. ಒಂದಕ್ಕೆ ಒಂದು. ಪ್ರತಿ ಸಾಲಿಗೂ 301 ರೀಡೈರೆಕ್ಟ್ ಹಾಕಿಸಿದೆವು, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ದಾರಿ. ಪೆನ್ನು ಕೈಯಲ್ಲಿದ್ದರೆ ಈ ಸಂಖ್ಯೆ ಬರೆದುಕೊಳ್ಳಿ. 301 ಅಂದರೆ ಪುಟ ಶಾಶ್ವತವಾಗಿ ಹೊಸ ಕಡೆ ಹೋಗಿದೆ ಅಂತ. 302 ಅಂದರೆ ತಾತ್ಕಾಲಿಕ. ನಿಮಗೆ ಬೇಕಾದ್ದು 301. ಹಾಕಿದ ಮೇಲೆ ತೆಗೆಯಬೇಡಿ. ಕಡಿಮೆ ಅಂದರೂ 1 ವರ್ಷ ಇಟ್ಟಿರಿ ಅಂತ ಗೂಗಲ್ಲೇ ಹೇಳುತ್ತದೆ. ನಾನು ಹೇಳುವುದು, ಅಂಗಡಿ ಇರುವ ತನಕ ಇಟ್ಟಿರಿ.

ಕತ್ತರಿ ಲೇಖನ ಮೆಲ್ಲಗೆ ಮೇಲೆ ಬಂತು. ಎಲ್ಲ ಲೇಖನಗಳೂ ಬರಲಿಲ್ಲ. ಆ ನಡುವೆ ಬೇರೆಯವರು ಅವೇ ವಿಷಯದ ಮೇಲೆ ಬರೆದು ಜಾಗ ಹಿಡಿದಿದ್ದರು. ಕಳೆದುಕೊಂಡ ಮೂರು ತಿಂಗಳಿಗೆ ತೆತ್ತ ಬೆಲೆ ಅದು.

ವೆಬ್ಬನ್ನು ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು, ವಿಳಾಸಗಳು ಬದಲಾಗಬಾರದು, ಅವನ್ನು ಬದಲಾಯಿಸುವವರು ನಾವೇ ಅಂತ. ಇಷ್ಟು ವರ್ಷವಾದರೂ ಅದೇ ತಪ್ಪು ಮಾಡುತ್ತಿದ್ದೇವೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಶಾಪಿಫೈಯನ್ನು ನೀವು ಬಳಸುತ್ತಿದ್ದರೆ, ಲೇಖನದ ವಿಳಾಸ ಬದಲಿಸುವ ಜಾಗದಲ್ಲೇ ರೀಡೈರೆಕ್ಟ್ ಮಾಡಬೇಕಾ ಅಂತ ಕೇಳುವ ಒಂದು ಚೌಕ ಇರುತ್ತದೆ. ಅದರ ಟಿಕ್ ತೆಗೆಯಬೇಡಿ. ಸೈಟ್ ಕಟ್ಟಲು ವರ್ಡ್‌ಪ್ರೆಸ್ ಬಳಸುತ್ತಿದ್ದರೆ ಇನ್ನೊಂದು ಚೌಕವನ್ನೂ ನೋಡಬೇಕು, ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಎಂಬ ಪುಟಕ್ಕೆ ಹೋಗಿ. ಗೂಗಲ್‌ನಂಥ ಸರ್ಚ್ ಎಂಜಿನ್‌ಗಳು ಈ ಸೈಟ್‌ಗೆ ಬರುವುದು ಬೇಡ ಅನ್ನುವ ಚೌಕ ಅಲ್ಲಿದೆ. ಸೈಟ್ ಕಟ್ಟುವಾಗ ಅದಕ್ಕೆ ಟಿಕ್ ಹಾಕಿ, ಆಮೇಲೆ ತೆಗೆಯುವುದನ್ನೇ ಮರೆಯುತ್ತಾರೆ. ಇವತ್ತೇ ನೋಡಿ.

ಇನ್ನೊಂದು ವಿಷಯ. ವಿಳಾಸದ ಒಳಗೆ ವರ್ಷ ಬರೆಯಬೇಡಿ. 2021 ಅಂತ ವಿಳಾಸದಲ್ಲಿದ್ದರೆ ಮುಂದೆ ನಿಮಗೇ ಕೈ ತುರಿಸುತ್ತದೆ, ಬದಲಾಯಿಸೋಣ ಅನ್ನಿಸುತ್ತದೆ. ವರ್ಷ ಇಲ್ಲದಿದ್ದರೆ ಒಳಗಿನ ಮಾತನ್ನು ಮಾತ್ರ ಹೊಸದು ಮಾಡಿದರೆ ಸಾಕು. ವಿಳಾಸ ಹಾಗೇ ಇರುತ್ತದೆ. ಒಳಗೆ ಏನೂ ಬದಲಿಸದೆ ಮೇಲಿನ ತಾರೀಖು ಮಾತ್ರ ಬದಲಿಸಿದರೆ ಏನೂ ಸಿಗುವುದಿಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಎಲ್ಲೂ ಲಿಂಕ್ ಇಲ್ಲದ ಲೇಖನ ಕಾಡಿನ ಬೆಳದಿಂಗಳು. ಕಲ್ಲು ಮಾರುವ ಪುಟದಿಂದ ಕತ್ತರಿ ಲೇಖನಕ್ಕೆ ಲಿಂಕ್ ಕೊಡಿ, ಲೇಖನದಿಂದ ಕಲ್ಲಿನ ಪುಟಕ್ಕೂ ಕೊಡಿ. ಒಂದೇ ವಿಷಯದ ಮೇಲೆ ಮೂರು ಸಣ್ಣ ಲೇಖನ ಇದ್ದರೆ ಒಂದು ಮಾಡಿ, ಉಳಿದೆರಡರ ವಿಳಾಸದಿಂದ ಅದಕ್ಕೆ 301 ಹಾಕಿ. ಮಾರಾಟ ನಿಂತ ಸಾಮಾನಿಗೆ ಲೇಖನದಲ್ಲಿ ಲಿಂಕ್ ಇದ್ದರೆ ತೆಗೆದು ಬೇರೆ ಕೊಡಿ. ಸೈಟನ್ನು ಮೊಬೈಲ್‌ನಲ್ಲಿ ತೆರೆದು ನೋಡಿ, ಗೂಗಲ್ ಈಗ ಮೊದಲು ಓದುವುದು ಮೊಬೈಲ್ ರೂಪವನ್ನೇ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು.

ಕೀವರ್ಡ್, ಅಂದರೆ ಜನ ಹುಡುಕುವ ಪದ, ಅದನ್ನು ಎಷ್ಟು ಸಲ ತುರುಕಬೇಕು ಅಂತ ದಯವಿಟ್ಟು ಯಾರೂ ಕೇಳಬೇಡಿ. ಓದುಗರಿಗೆ ಕಾಣದಂತೆ ಪುಟದ ಹಿಂದೆ ಬರೆಯುವ ಕೀವರ್ಡ್ಸ್ ಟ್ಯಾಗನ್ನು, ಯಾವ ಪುಟ ಮೇಲೆ ಬರಬೇಕು ಅಂತ ತೀರ್ಮಾನಿಸುವಾಗ ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ಆ ಹೊತ್ತನ್ನು ವಿಳಾಸ ನೋಡಿಕೊಳ್ಳಲು ಕೊಡಿ.

ನಿಮ್ಮ ಸೈಟ್ ಗೂಗಲ್‌ಗೆ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್ ಅಂತ ಒಂದಿದೆ. ಪುಕ್ಕಟೆ. ಅದರಲ್ಲಿ ಪೇಜಸ್ ಎಂಬ ವರದಿ ತೆರೆಯಿರಿ. 404 ಬಂದಿರುವ ವಿಳಾಸಗಳ ಪಟ್ಟಿ ಅಲ್ಲಿರುತ್ತದೆ. ಪರ್ಫಾರ್ಮೆನ್ಸ್ ವರದಿಯಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ಒಂದು ವರ್ಷದ ಹಿಂದೆ ಜನ ಜಾಸ್ತಿ ಬರುತ್ತಿದ್ದ ಲೇಖನ ಯಾವುದು ನೋಡಿ. ಅದರ ಅವತ್ತಿನ ವಿಳಾಸವನ್ನು ನಕಲು ಮಾಡಿಕೊಂಡು ಬ್ರೌಸರ್‌ನಲ್ಲಿ ಹಾಕಿ, ಏನು ತೆರೆಯುತ್ತದೆ ಅಂತ ನೋಡಿ. 404 ಬಂದರೆ ಗಾಬರಿಯಾಗಬೇಡಿ. ಒಂದು ಹಾಳೆ ತೆಗೆದುಕೊಂಡು ಎಡಗಡೆ ಆ ವಿಳಾಸ ಬರೆಯಿರಿ, ಬಲಗಡೆ ಆ ಲೇಖನ ಈಗ ಎಲ್ಲಿದೆ ಅಂತ ಬರೆಯಿರಿ. ಅದು ನಿಮ್ಮ ಪಟ್ಟಿಯ ಮೊದಲ ಸಾಲು.

ನಮಸ್ಕಾರ.