ಬೆಂಗಳೂರು ನಗರ: 20 ವರ್ಷ ಬಾಳಿದ ಲೋಕಸಭಾ ಕ್ಷೇತ್ರ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನವರನ್ನು 'ನಿಮ್ಮ ಎಂಪಿ ಯಾರು' ಅಂತ ಕೇಳಿ ನೋಡಿ. ಮನೆ ಯಾವ ಕಡೆ ಬರುತ್ತೆ ಅಂತ ಮೊದಲು ಲೆಕ್ಕ ಹಾಕಬೇಕು. ಉತ್ತರ, ದಕ್ಷಿಣ, ಕೇಂದ್ರ, ಅಂಚಿನಲ್ಲಿದ್ದರೆ ಗ್ರಾಮಾಂತರ. ಒಂದು ಕಾಲಕ್ಕೆ ಊರಿನ ಹೆಸರಲ್ಲೇ ಒಂದು ಲೋಕಸಭಾ ಕ್ಷೇತ್ರ ಇತ್ತು: 'ಬೆಂಗಳೂರು ನಗರ'. 1957ರ ಚುನಾವಣೆಗೆ ಬಂತು, 1977ರ ಚುನಾವಣೆಗೆ ಇರಲಿಲ್ಲ. ನಾಲ್ಕು ಚುನಾವಣೆ ಕಂಡಿತು, ಇಬ್ಬರನ್ನು ದೆಹಲಿಗೆ ಕಳಿಸಿತು, ಮುಗಿಯಿತು.

ಇದು ಹುಟ್ಟಿದ್ದು ಹೇಗೆ? 1952ರಲ್ಲಿ ಇಲ್ಲಿ ಬೆಂಗಳೂರು ಉತ್ತರ, ಬೆಂಗಳೂರು ದಕ್ಷಿಣ ಅಂತ ಎರಡು ಕ್ಷೇತ್ರಗಳಿದ್ದವು. 1956ರ ನವೆಂಬರ್ 1ಕ್ಕೆ ರಾಜ್ಯಗಳ ಮರುವಿಂಗಡಣೆ ಆಯಿತು. ಮೈಸೂರು ರಾಜ್ಯ ದೊಡ್ಡದಾಯಿತು, 26 ಲೋಕಸಭಾ ಸೀಟು ಸಿಕ್ಕವು. ಈಗ ಸ್ವಲ್ಪ ಲೆಕ್ಕ ಮಾಡೋಣ. 1951ರ ಜನಗಣತಿ ಪ್ರಕಾರ ಈ ಹೊಸ ರಾಜ್ಯದ ಪ್ರದೇಶದಲ್ಲಿ ಸುಮಾರು 1.94 ಕೋಟಿ ಜನ. 26ರಿಂದ ಭಾಗಿಸಿದರೆ ಒಂದು ಸೀಟಿಗೆ ಹೆಚ್ಚುಕಮ್ಮಿ 7.5 ಲಕ್ಷ. ಬೆಂಗಳೂರಿನ ಜನಸಂಖ್ಯೆ ಎಷ್ಟಿತ್ತು? 7.8 ಲಕ್ಷದ ಹತ್ತಿರ. ಊರು ಒಂದು ಸೀಟಿನ ಅಳತೆಗೆ ಸರಿಯಾಗಿ ಹೊಂದುತ್ತಿತ್ತು. ಅಂಥ ಗಳಿಗೆ ಆಮೇಲೆ ಬರಲೇ ಇಲ್ಲ.

ಮೊದಲು ಗೆದ್ದವರು ಕಾಂಗ್ರೆಸ್ಸಿನ ಎನ್. ಕೇಶವ ಅಯ್ಯಂಗಾರ್. ಆಗ ಓಟು ಹಾಕುವ ರೀತಿಯೇ ಬೇರೆ. ಮತಗಟ್ಟೆಯ ಮರೆಯಲ್ಲಿ ಅಭ್ಯರ್ಥಿಗೊಂದರಂತೆ ಪೆಟ್ಟಿಗೆಗಳು, ಪ್ರತಿಯೊಂದರ ಮೇಲೂ ಒಂದೊಂದು ಚಿಹ್ನೆ. ಕೈಗೆ ಕೊಟ್ಟ ಚೀಟಿಯಲ್ಲಿ ಯಾರ ಹೆಸರೂ ಇಲ್ಲ. ಅದನ್ನು ಬೇಕಾದವರ ಪೆಟ್ಟಿಗೆಗೆ ಹಾಕಿ ಬಂದರಾಯಿತು. ಕಾಂಗ್ರೆಸ್ಸಿನದು ಜೋಡೆತ್ತಿನ ಪೆಟ್ಟಿಗೆ. 1962ರ ಹೊತ್ತಿಗೆ ಹೆಸರು, ಚಿಹ್ನೆ ಎರಡೂ ಅಚ್ಚಾದ ಮತಪತ್ರ ಬಂತು, ಮುದ್ರೆ ಒತ್ತಬೇಕಾಯಿತು.

1962ರಲ್ಲಿ ಗೆದ್ದವರು ಕೆಂಗಲ್ ಹನುಮಂತಯ್ಯ. ವಿಧಾನಸೌಧ ಕಟ್ಟಿಸಿದವರು, 1956ರಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಗಿ ಬಂದವರು. ಮತ್ತೆ 1967, ಮತ್ತೆ 1971. ಮೊದಲೆರಡು ಸಲ ಜೋಡೆತ್ತು. ಅಷ್ಟರಲ್ಲಿ ಪಕ್ಷ ಒಡೆದು ಮೂರನೇ ಸಲ ಹಸು-ಕರು. ಚಿಹ್ನೆ ಬದಲಾಯಿತು, ಆಳು ಅವರೇ. 1971ರಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 27ಕ್ಕೆ 27 ಸೀಟನ್ನೂ ಗೆದ್ದಿತ್ತು. ಹನುಮಂತಯ್ಯನವರು ರೈಲ್ವೆ ಮಂತ್ರಿಯಾದರು.

ರೈಲ್ವೆ ಅಂದಾಗ ಒಂದು ಮಾತು. ಪಕ್ಕದಲ್ಲೇ 'ಬೆಂಗಳೂರು' ಅನ್ನೋ ಇನ್ನೊಂದು ಕ್ಷೇತ್ರ ಇತ್ತು. ಅಲ್ಲಿಂದ ಗೆದ್ದ ಎಚ್.ಸಿ. ದಾಸಪ್ಪ 1963ರಲ್ಲೇ ರೈಲ್ವೆ ಮಂತ್ರಿ ಆಗಿದ್ದರು. ಮುಂದೆ ಬೆಂಗಳೂರು ಉತ್ತರದಿಂದ ಜಾಫರ್ ಷರೀಫ್, ಸದಾನಂದ ಗೌಡ. ಒಂದೇ ಊರಿನ ಸೀಟುಗಳಿಂದ ನಾಲ್ವರು! ಆದರೂ ನಮ್ಮ ಊರಿಗೆ ಲೋಕಲ್ ರೈಲು ಎಷ್ಟಿದೆ ಅಂತ ಕೇಳಬೇಡಿ.

ಹಾಗಾದರೆ ಕ್ಷೇತ್ರ ಹೋಗಿದ್ದೇಕೆ? ಯಾರೂ ಸಂಚು ಮಾಡಲಿಲ್ಲ. ಊರು ಬೆಳೆಯಿತು, ಅಷ್ಟೇ. 1961ಕ್ಕೇ ಬೆಂಗಳೂರಿನಲ್ಲಿ 12 ಲಕ್ಷ ಜನ, ರಾಜ್ಯದ ಸರಾಸರಿ ಮಾತ್ರ ಸೀಟಿಗೆ 9 ಲಕ್ಷಕ್ಕಿಂತ ಕಮ್ಮಿ. 1971ಕ್ಕೆ ಊರು 16 ಲಕ್ಷ ದಾಟಿತು. 1972ರ ಕಾಯ್ದೆಯ ಪ್ರಕಾರ ಕ್ಷೇತ್ರ ಮರುವಿಂಗಡಣೆ ನಡೆದಾಗ ಸೀಟುಗಳು 28 ಆದವು, ಸರಾಸರಿ 10.5 ಲಕ್ಷದ ಆಸುಪಾಸು. ಊರನ್ನು ಒಂದೇ ಸೀಟಿನಲ್ಲಿ ಇಡುವ ಹಾಗೇ ಇರಲಿಲ್ಲ. ಹಳೇ ಉತ್ತರ, ದಕ್ಷಿಣ ವಾಪಸ್ ಬಂದವು. 1977ರಲ್ಲಿ ಉತ್ತರದಿಂದ ಷರೀಫ್. ದಕ್ಷಿಣದಿಂದ ಸುಪ್ರೀಂ ಕೋರ್ಟ್ ಬಿಟ್ಟು ಬಂದಿದ್ದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ, ಜನತಾ ಪಕ್ಷ. ಆ ವರ್ಷ ರಾಜ್ಯದಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದೇ ಎರಡು ಸೀಟು, ಅದರಲ್ಲಿ ಇದೊಂದು.

ಲೆಕ್ಕ ಸರಿ, ಒಪ್ಪುತ್ತೇನೆ. ಆದರೂ ನನಗನಿಸೋದು, ಊರಿನ ಹೆಸರು ಹೊತ್ತ ಒಬ್ಬ ಎಂಪಿ ಇದ್ದಾಗ ನೀರಿಗೋ ರಸ್ತೆಗೋ ಯಾರನ್ನು ಕೇಳಬೇಕು ಅಂತ ಜನಕ್ಕೆ ಗೊತ್ತಿರುತ್ತಿತ್ತು. ಈಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸೋದು ಜಾಸ್ತಿ, ಅಲ್ವಾ?

2009ರಲ್ಲಿ ಬೆಂಗಳೂರು ಕೇಂದ್ರ ಬಂದಾಗ, ಹಳೇ ನಗರ ಕ್ಷೇತ್ರವೇ ತಿರುಗಿ ಬಂತು ಅಂದುಕೊಂಡವರಿದ್ದಾರೆ. ಅದು ಸುಮ್ನೆ ಮಾತು. ಗಾಂಧಿನಗರ, ಚಾಮರಾಜಪೇಟೆ, ಶಿವಾಜಿನಗರ ಅದರಲ್ಲಿವೆ, ನಿಜ. ಆದರೆ ಬಸವನಗುಡಿ ದಕ್ಷಿಣದಲ್ಲಿದೆ, ಮಲ್ಲೇಶ್ವರ ಉತ್ತರದಲ್ಲಿದೆ. 1957ರಲ್ಲಿ ಊರಿನಾಚೆಯ ಹಳ್ಳಿಯಾಗಿದ್ದ ಮಹದೇವಪುರ ಕೇಂದ್ರದಲ್ಲಿದೆ.