ಹಳೇ ಕಾರು: ಇಟ್ಟುಕೊಳ್ಳುವ ಲೆಕ್ಕ, ಬಿಡುವ ಲೆಕ್ಕ

ಮಳೆಯನ್ನೂ ಲೆಕ್ಕಿಸದೆ ಬಂದಿರುವ ನಿಮಗೆಲ್ಲ ನಮಸ್ಕಾರ.

ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿದವನು ನಾನು. ನಿವೃತ್ತನಾದ ಮೇಲೆ ಜನ ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಪಕ್ಕದವರು ಕೇಳುತ್ತಾರೆ: "ಮೇಷ್ಟ್ರೇ, ಗಾಡಿಗೆ ಹದಿನಾಲ್ಕು ವರ್ಷ ಆಯ್ತು. ಗ್ಯಾರೇಜಿನವರು ನಲವತ್ತೈದು ಸಾವಿರ ಹೇಳ್ತಿದಾರೆ. ಮಾಡಿಸ್ಲಾ, ಕೊಟ್ಟು ಹೊಸದು ತಗೊಳ್ಲಾ?" ಅದರ ಬೆನ್ನಿಗೇ ಇನ್ನೊಂದು ಮಾತು: "ಮಾರಿದ್ರೆ ಎಂಬತ್ತು ಸಾವಿರ ಹುಟ್ಟಲ್ಲ. ಅದಕ್ಕೆ ನಲವತ್ತೈದು ಸಾವಿರ ಸುರಿಯೋದಾ?"

ಇಲ್ಲಿ ತಕ್ಕಡಿಯೇ ತಪ್ಪು ಎಂಬುದು ನನ್ನ ಮೊದಲ ಮಾತು. ಎಂಬತ್ತು ಸಾವಿರ ಎನ್ನುವುದು ಕೊಳ್ಳುವವನು ಕೊಡುವ ಬೆಲೆ. ನೀವು ಗಾಡಿ ಇಟ್ಟುಕೊಂಡು ಓಡಿಸುವುದಾದರೆ ಆ ಬೆಲೆ ಕಟ್ಟಿಕೊಂಡು ನಿಮಗೇನು? ರಿಪೇರಿ ಖರ್ಚನ್ನು ತೂಗಬೇಕಾದ್ದು ಹೊಸ ಕಾರು ಒಂದು ವರ್ಷಕ್ಕೆ ಎಷ್ಟು ನುಂಗುತ್ತದೆ ಎಂಬುದರ ಜೊತೆ. ಆ ಲೆಕ್ಕವನ್ನು ಈಗ ಬೋರ್ಡಿನ ಮೇಲೆ ಹಾಕುತ್ತೇನೆ, ಪೆನ್ನು ಇರುವವರು ಬರೆದುಕೊಳ್ಳಿ.

ಒಂದು ಸಣ್ಣ ಪೆಟ್ರೋಲ್ ಕಾರು, ಎಕ್ಸ್-ಶೋರೂಂ ಬೆಲೆ 8 ಲಕ್ಷ ಅಂದುಕೊಳ್ಳಿ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಲೈಫ್ ಟ್ಯಾಕ್ಸ್ ಶೇ. 14, ಆ ತೆರಿಗೆಯ ಮೇಲೆ ಶೇ. 11 ಸೆಸ್. ಎರಡೂ ಸೇರಿ ಸುಮಾರು 1,24,000. ವಿಮೆ, ರಿಜಿಸ್ಟ್ರೇಷನ್ನು ಅಂತ ಇನ್ನೊಂದು 46,000 ಹಿಡಿದರೆ ಗಾಡಿ ರಸ್ತೆಗಿಳಿಯುವಾಗ 9,70,000. ಕೈಯಿಂದ 1,70,000 ಕಟ್ಟಿ 8 ಲಕ್ಷ ಸಾಲ ಮಾಡಿದಿರಿ. ಶೇ. 9ರ ಬಡ್ಡಿ, ಏಳು ವರ್ಷ. ತಿಂಗಳ ಕಂತು ಸುಮಾರು 12,870. ಏಳು ವರ್ಷಕ್ಕೆ ಬಡ್ಡಿಯೇ 2,81,000. ಹತ್ತು ವರ್ಷ ಓಡಿಸಿ ಎರಡೂವರೆ ಲಕ್ಷಕ್ಕೆ ಮಾರಿದಿರಿ ಎನ್ನೋಣ. ಅದನ್ನು ಕಳೆದರೆ ಹತ್ತು ವರ್ಷಕ್ಕೆ ನಿಮ್ಮ ಕೈ ಬಿಟ್ಟಿದ್ದು ಹತ್ತು ಲಕ್ಷ. ವರ್ಷಕ್ಕೆ ಒಂದು ಲಕ್ಷ. ಇದು ಒಂದು ಹನಿ ಪೆಟ್ರೋಲ್ ಹಾಕುವ ಮೊದಲಿನ ಲೆಕ್ಕ, ಸರ್ವಿಸ್ಸೂ ಇದರಲ್ಲಿಲ್ಲ.

"ಹೊಸದಕ್ಕೆ ಮೈಲೇಜ್ ಜಾಸ್ತಿ ಅಲ್ವಾ ಸಾರ್?" ಜಾಸ್ತಿಯೇ. ವರ್ಷಕ್ಕೆ 8,000 ಕಿ.ಮೀ. ಓಡಿಸುವವರಿಗೆ ಹಳೆಯದು ಲೀಟರಿಗೆ 14, ಹೊಸದು 19 ಕೊಟ್ಟರೆ ಉಳಿಯುವುದು 150 ಲೀಟರ್. ಲೀಟರಿಗೆ ನೂರು ರೂಪಾಯಿಯಂತೆ ಹದಿನೈದು ಸಾವಿರ. ಒಂದು ಲಕ್ಷದಲ್ಲಿ ಇದನ್ನು ಕಳೆಯಿರಿ, 85,000. ಹಳೇ ಕಾರು ಕೇಳುತ್ತಿರುವ ರಿಪೇರಿ ವರ್ಷಾ ವರ್ಷ ಈ ಗೆರೆ ದಾಟುತ್ತಿದೆಯೇ? ಒಂದು ವರ್ಷ ನಲವತ್ತೈದು ಸಾವಿರ ಬಿತ್ತು ಅಂದರೆ ಗೆರೆಯ ಅರ್ಧಕ್ಕೆ ಬಂದಿರಿ ಅಷ್ಟೇ.

ನಾನು ಪುಸ್ತಕವೊಂದರಲ್ಲಿ ಲೆಕ್ಕ ಬರೆದಿಟ್ಟವನು. ಇಗೋ, ಈ ಕೆಂಪು ರಟ್ಟಿನ ನೋಟ್‌ಬುಕ್. ನನ್ನದು 2007ರ ಹ್ಯಾಚ್‌ಬ್ಯಾಕ್. ಹತ್ತು ವರ್ಷ ತುಂಬಿದ ಮೇಲೆ, 2017ರಿಂದ 2024ರವರೆಗೆ ಎಂಟು ವರ್ಷದಲ್ಲಿ ಆದ ರಿಪೇರಿ ಖರ್ಚು 1,86,400. ಇದರಲ್ಲಿ ಕ್ಲಚ್ ಸೆಟ್ಟಿದೆ, ನಾಲ್ಕು ಟೈರಿದೆ, ಎ.ಸಿ. ಕಂಪ್ರೆಸರ್ ಇದೆ, ರೇಡಿಯೇಟರ್ ಮತ್ತು ವಾಟರ್ ಪಂಪ್ ಇದೆ, ಎರಡು ಬ್ಯಾಟರಿ ಇದೆ. ವರ್ಷಕ್ಕೆ 23,300 ಬಿತ್ತು. ಆದರೆ ಒಂದೊಂದು ಬಿಲ್ಲು ಬಂದ ದಿನ ಎಷ್ಟು ಹೊಟ್ಟೆ ಉರಿದಿತ್ತು ಅಂತ ನನಗೆ ನೆನಪಿದೆ. ಕಂತು ತಿಂಗಳ ಐದನೇ ತಾರೀಖು ಸದ್ದಿಲ್ಲದೆ ಹೋಗುತ್ತದೆ. ಗ್ಯಾರೇಜ್ ಬಿಲ್ಲು ಹಾಗಲ್ಲ, ಮಗಳ ಫೀಸು ಕಟ್ಟಿದ ವಾರದಲ್ಲೇ ಬಂದು ನಿಲ್ಲುತ್ತದೆ. ಅದಕ್ಕೇ ಹೇಳುವುದು, ಹಳೇ ಕಾರು ಇಟ್ಟುಕೊಳ್ಳುವವರು ತಿಂಗಳಿಗೆ ಮೂರು ಸಾವಿರ ಆರ್‌ಡಿ ಕಟ್ಟಿ, ಗಾಡಿಗೆಂದೇ. ಬಿಲ್ಲು ಬಂದ ದಿನ ಕೈ ಚಾಚುವ ಪಾಡು ಇಲ್ಲದಿದ್ದರೆ ತಲೆ ಸರಿಯಾಗಿ ಓಡುತ್ತದೆ.

ಬಿಲ್ಲು ಅಂದಾಗ ಇನ್ನೊಂದು ಹೇಳಬೇಕು. 2019ರಲ್ಲಿ ನನ್ನ ಕಾರು ಹಂಪ್ ಹತ್ತಿ ಇಳಿದಾಗ ಮುಂದೆ ಎಡಗಡೆ ಟಕ್ ಟಕ್ ಅನ್ನುತ್ತಿತ್ತು. ದೊಡ್ಡ ವರ್ಕ್‌ಶಾಪ್ ಒಂದಕ್ಕೆ ಬಿಟ್ಟೆ. ಸ್ಟೇರಿಂಗ್ ರ್‍ಯಾಕ್ ಹೋಗಿದೆ, 38,000 ಆಗುತ್ತದೆ ಎಂದು ಚೀಟಿ ಕೊಟ್ಟರು. ಅದನ್ನು ಹಿಡಿದುಕೊಂಡು ನಮ್ಮ ಬೀದಿಯ ಮೇಸ್ತ್ರಿ ಹತ್ತಿರ ಹೋದೆ. ಅವರು ಗಾಡಿ ಕೆಳಗೆ ಮಲಗಿ, ಸಸ್ಪೆನ್ಷನ್ನಿನ ಸಣ್ಣ ಸರಳು, ಅಂದರೆ ಲಿಂಕ್ ರಾಡ್, ಹಿಡಿದು ಕೈಯಲ್ಲೇ ಅಲ್ಲಾಡಿಸಿದರು. ಟಕ್ ಟಕ್. ಅದೇ ಸದ್ದು. ಎರಡೂ ಕಡೆ ಹೊಸ ಲಿಂಕ್ ರಾಡ್, ಕೂಲಿ ಸೇರಿ 2,200. ಕಾರು ಮಾರಬೇಕೆಂದು ತೀರ್ಮಾನಿಸುವ ಎಷ್ಟೋ ಜನ ನಿಜವಾಗಿ ಓಡಿಹೋಗುತ್ತಿರುವುದು ಕಾರಿನಿಂದಲ್ಲ, ಇಂಥ ಚೀಟಿಯಿಂದ. ಹತ್ತು ಸಾವಿರ ದಾಟಿದ ಯಾವ ಅಂದಾಜನ್ನೂ ಇನ್ನೊಬ್ಬ ಮೇಸ್ತ್ರಿಗೆ ತೋರಿಸದೆ ಒಪ್ಪಬೇಡಿ.

ಪಾರ್ಟ್ಸ್ ಸಿಗುತ್ತದೆಯೇ ಎಂಬುದೂ ನೋಡಬೇಕಾದ್ದೇ. ಮಾರುತಿ 800 ತಯಾರಾಗುವುದು 2014ರಲ್ಲೇ ನಿಂತಿತು. ಆದರೆ ಅದರ 796 ಸಿಸಿ ಎಂಜಿನ್ ಆಲ್ಟೊ, ಓಮ್ನಿಗಳಲ್ಲೂ ಇದ್ದದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇವತ್ತಿಗೂ ಬೇಕಾದ್ದು ಸಿಗುತ್ತದೆ. ಷೆವರ್ಲೆ ಕಾರು ಮಾರುತ್ತಿದ್ದ ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಅಂಥ ಗಾಡಿಯ ಒಂದು ಹೆಡ್‌ಲೈಟ್ ಒಡೆದರೆ ಹುಡುಕಾಟ ಎಷ್ಟು ದಿನವಾಗುತ್ತದೆ ಎಂದು ಅದನ್ನು ಇಟ್ಟುಕೊಂಡವರೇ ಹೇಳಬೇಕು.

ಇನ್ನು ಒಂದು ಗಾಳಿಮಾತು: "ಹದಿನೈದು ವರ್ಷಕ್ಕೆ ಗಾಡಿ ಗುಜರಿಗೆ ಹೋಗಲೇಬೇಕಂತೆ." ದಯವಿಟ್ಟು ನಂಬಬೇಡಿ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ಗಲಾಟೆ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ನಮ್ಮಲ್ಲಿ ಸ್ವಂತ ಬಳಕೆಯ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆರ್‌ಟಿಒದಲ್ಲಿ ಗಾಡಿ ತೋರಿಸಿ ಪಾಸಾದರೆ ಐದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಇದರ ಶುಲ್ಕ 5,000 ಆಯಿತು, ನಾನೂ ಆ ವರ್ಷವೇ ಕಟ್ಟಿದೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಮೇಲೆ ಹಸಿರು ತೆರಿಗೆ ಇದೆ. ಈ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ, ಹೆದರಬೇಡಿ.

ಪರಿಸರದ ಮಾತನ್ನೂ ಕೆಲವರು ಎತ್ತುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈ ಆಕ್ಸೈಡ್. ನಾವು ಆಗಲೇ ಹೇಳಿದ 150 ಲೀಟರ್ ಉಳಿದರೆ ವರ್ಷಕ್ಕೆ 345 ಕಿಲೊ ಕಡಿಮೆ. ಹೊಸ ಕಾರಿನ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ ತಯಾರಾಗುವಾಗಲೇ ಹಲವು ಟನ್ ಹೋಗಿರುತ್ತದೆ. ಕಡಿಮೆ ಓಡಿಸುವವರು ಹಳೆಯದನ್ನು ಬಿಟ್ಟು ಭೂಮಿಗೆ ಉಪಕಾರ ಮಾಡಿದಂತಾಗುವುದಿಲ್ಲ. ಆದರೆ ಹೊಗೆ ಬೇರೆ ವಿಷಯ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಿಡುತ್ತ ಶಾಲೆ ಮುಂದೆ ಹೋಗುವ ಗಾಡಿಯನ್ನು ಸಮರ್ಥಿಸಲು ನನ್ನ ಹತ್ತಿರ ಒಂದು ಮಾತೂ ಇಲ್ಲ. ಎಂಜಿನ್ ಕೆಲಸ ಮಾಡಿಸಿ, ಇಲ್ಲವೇ ನಿಲ್ಲಿಸಿ.

ಇಲ್ಲಿಯವರೆಗೆ ನಾನು ಹಳೇ ಕಾರಿನ ಪರವಾಗಿ ಮಾತಾಡಿದೆ. ಹಾಗಿದ್ದೂ ನನ್ನ ಕಾರನ್ನು ಬಿಟ್ಟೆ. ಯಾಕೆ ಎಂಬುದನ್ನು ಹೇಳಲೆಂದೇ ಇವತ್ತು ಬಂದದ್ದು.

2024ರ ಆಷಾಢ. ಬ್ರೇಕ್ ಪ್ಯಾಡ್ ಹಾಕಿಸಲು ಹೋಗಿದ್ದೆ. ಗಾಡಿಗೆ ಜಾಕಿ ಕೊಟ್ಟು ಎತ್ತಿದ್ದರು. ಮೇಸ್ತ್ರಿ ಮುಂದಿನ ಬಾಗಿಲು ತೆಗೆದು, ಹೊಸ್ತಿಲಿನ ಮೇಲಿನ ಪ್ಲಾಸ್ಟಿಕ್ ಪಟ್ಟಿ ಕಿತ್ತರು. ಅದರಡಿ ಪೇಂಟು ಹಪ್ಪಳದ ಹಾಗೆ ಉಬ್ಬಿತ್ತು. ಸ್ಕ್ರೂಡ್ರೈವರ್ ತುದಿ ಇಟ್ಟು ಸುಮ್ಮನೆ ಒತ್ತಿದರು. ಒತ್ತಿದ್ದೇ ತಡ, ಹಿಡಿಯವರೆಗೆ ಒಳಗೆ ಹೋಯಿತು. ಎಳೆದಾಗ ಕಾಫಿ ಗಸಿಯಂಥ ಕಂದು ಪುಡಿ ನೆಲಕ್ಕೆ ಉದುರಿತು. "ಸಾರ್, ಇಲ್ಲಿ ಕೈ ಇಡಿ" ಅಂದರು. ಆ ತೂತಿನಿಂದ ನಾಲ್ಕು ಬೆರಳು ಆಚೆಗೆ, ಎರಡು ಬಾಗಿಲುಗಳ ನಡುವಿನ ಕಂಬದ ಬುಡದಲ್ಲಿ, ಸೀಟ್ ಬೆಲ್ಟಿನ ಬೋಲ್ಟು. ಅದರ ಸುತ್ತಲಿನ ತಗಡು ಬೆರಳಲ್ಲಿ ಒತ್ತಿದರೆ ಬಾಗುತ್ತಿತ್ತು.

ಎಂಜಿನ್ ಗಡಿಯಾರದ ಹಾಗಿತ್ತು. ಕ್ಲಚ್ಚು ಬೆಣ್ಣೆ. ಆ ವರ್ಷ ಗಾಡಿಗೆ ಹನ್ನೊಂದು ಸಾವಿರವೂ ಖರ್ಚಾಗಿರಲಿಲ್ಲ. ನನ್ನ ನೋಟ್‌ಬುಕ್ಕಿನ ಯಾವ ಲೆಕ್ಕವೂ ಈ ಕಾರನ್ನು ಬಿಡು ಎಂದು ಹೇಳುತ್ತಿರಲಿಲ್ಲ.

ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಗಾಡಿ ಡಿಕ್ಕಿ ಹೊಡೆದು ಅರ್ಧ ಮೀಟರಿನಲ್ಲಿ ನಿಂತರೆ, ಅರವತ್ತು ಕಿಲೊ ತೂಕದವರ ಬೆಲ್ಟಿನ ಮೇಲೆ ಬೀಳುವ ಎಳೆತ ಒಂದು ಟನ್ನಿಗೂ ಮಿಗಿಲು. ಈ ಲೆಕ್ಕವನ್ನು ನಾನೇ ಎಷ್ಟು ಬ್ಯಾಚಿನ ಹುಡುಗರಿಗೆ ಬೋರ್ಡಿನ ಮೇಲೆ ಮಾಡಿಸಿದ್ದೇನೆ. ಆ ಒಂದು ಟನ್ನನ್ನು ಹೊರಬೇಕಾದ್ದು ಈ ಕಾಫಿ ಗಸಿ. ಬೆಲ್ಟು ಹಾಕಿಕೊಂಡು ಅಲ್ಲಿ ಕೂರುತ್ತಿದ್ದವಳು ನನ್ನ ಮಗಳು.

"ಶೀಟ್ ಹೊಡೆದು ಪೇಂಟ್ ಮಾಡಿದ್ರೆ ಗೊತ್ತಾಗಲ್ಲ ಸಾರ್, ಹನ್ನೆರಡು ಸಾವಿರದಲ್ಲಿ ಮುಗಿಯುತ್ತೆ. ಎಫ್‌ಸಿಗೂ ಪಾಸಾಗುತ್ತೆ" ಅಂದ ಮೇಸ್ತ್ರಿ ಒಂದು ಗಳಿಗೆ ಸುಮ್ಮನಿದ್ದು, "ಆದ್ರೆ ನಿಮ್ಮ ಮನೆ ಮಕ್ಕಳು ಕೂರೋ ಗಾಡಿಗೆ ನಾನು ಹೊಡೆಯಲ್ಲ" ಅಂದರು.

ಮಲೆನಾಡಿನಲ್ಲಿ ಐದಾರು ತಿಂಗಳು ಗಾಡಿಯ ಹೊಟ್ಟೆ ಒಣಗುವುದೇ ಇಲ್ಲ. ಚಕ್ರದ ಮೇಲಿನ ಮಡಿಕೆಯಲ್ಲಿ ಕೆಸರು ಮೆತ್ತಿಕೊಂಡು ಕೂತಿರುತ್ತದೆ, ಬಾಗಿಲ ಅಡಿಯ ನೀರಿನ ಕಿಂಡಿ ಎಲೆ ಕಸ ಸೇರಿ ಕಟ್ಟಿಕೊಳ್ಳುತ್ತದೆ. ಕರಾವಳಿಯವರಿಗೆ ಉಪ್ಪುಗಾಳಿ ಬೇರೆ. ನಾನು ಹದಿನೇಳು ವರ್ಷ ಆಯಿಲ್ಲು ಬದಲಿಸಿದೆ, ಹೊಸ್ತಿಲಿನ ಪಟ್ಟಿಯನ್ನು ಒಮ್ಮೆಯೂ ಎತ್ತಿ ನೋಡಲಿಲ್ಲ. ಎಂಜಿನ್ ಪಾಠ ಮಾಡಿದವನ ಕಣ್ಣು ಬಾನೆಟ್ಟಿನ ಕೆಳಗೇ ಇತ್ತು. ಆ ಕೊರಗು ಇನ್ನೂ ಹೋಗಿಲ್ಲ.

ಎಂಜಿನ್, ಗೇರ್ ಬಾಕ್ಸು, ಸಸ್ಪೆನ್ಷನ್ನು ಬಿಚ್ಚಿ ಕಟ್ಟುವ ಸಾಮಾನು. ದುಡ್ಡಿನ ತಕ್ಕಡಿಯಲ್ಲಿ ತೂಗಿ. ಮೈಯ ತಗಡು ಹಾಗಲ್ಲ. ಬೆಲ್ಟು, ಸೀಟು, ಸಸ್ಪೆನ್ಷನ್ ಕೂರುವ ಜಾಗಕ್ಕೆ ತುಕ್ಕು ಹಿಡಿಯಿತು ಅಂದರೆ ತಕ್ಕಡಿ ಎತ್ತಿಡಿ. ಪೆಟ್ರೋಲ್ ಪೈಪನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ಗೆ ಮೊದಲಿನ ಬಹಳಷ್ಟು ಗಾಡಿಗಳ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ. ಬೆಳಿಗ್ಗೆ ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಅವತ್ತೇ ಪೈಪು ಬದಲಿಸಿ, ನಾಳೆಗೆ ಇಡಬೇಡಿ.

ತುಕ್ಕಿಲ್ಲದಿದ್ದರೂ ಹಳೆಯ ಕಾರಿನಲ್ಲಿ ಇಲ್ಲದ್ದು ಏನು ಎಂಬುದೂ ತಿಳಿದಿರಬೇಕು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಕಾರುಗಳಿಗೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷದ ಜುಲೈಯಿಂದ, ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರಿಗೂ ಬಂದದ್ದು 2021 ಮುಗಿಯುವಾಗ. ಊರೊಳಗೆ ತರಕಾರಿ, ಬ್ಯಾಂಕು ಅಂತ ಓಡಾಡುವವರಿಗೆ ನಾನು ಒತ್ತಾಯ ಮಾಡುವುದಿಲ್ಲ. ವಾರವಾರ ಹೈವೇ ಹಿಡಿಯುವವರು, ರಾತ್ರಿ ಘಾಟಿ ಇಳಿಯುವವರು, ಮನೆಯಲ್ಲಿ ಈಗಷ್ಟೇ ಲೈಸೆನ್ಸ್ ಮಾಡಿಸಿದ ಮಕ್ಕಳಿರುವವರು, ನೀವು ಬದಲಿಸಿ ಎಂದೇ ಹೇಳುತ್ತೇನೆ.

ಬದಲಿಸುವುದು ಅಂದರೆ ಶೋರೂಮಿಗೇ ಹೋಗಬೇಕೆಂದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದು ಹೊಸದು ಅಗ್ಗವಾಗಿದೆ, ನಿಜ. ಆದರೆ ನಾನು ಕೊಂಡದ್ದು ಮೂರು ವರ್ಷದ ಸೆಕೆಂಡ್ ಹ್ಯಾಂಡ್. ಎರಡು ಏರ್‌ಬ್ಯಾಗ್, ಎಬಿಎಸ್ ಇದೆ. ಲೈಫ್ ಟ್ಯಾಕ್ಸ್ ಮೊದಲ ಮಾಲೀಕರು ಕಟ್ಟಿಯಾಗಿದೆ. ಮೂರು ವರ್ಷ ದಾಟಿದ ಗಾಡಿಯ ಬೆಲೆಯಲ್ಲಿ ವಿಮೆಯವರ ಕೋಷ್ಟಕವೇ ಶೇ. 40 ಕಳೆಯುತ್ತದೆ. ಆ ಇಳಿತವನ್ನು ಇನ್ನೊಬ್ಬರು ಹೊತ್ತು ಮುಗಿಸಿರುತ್ತಾರೆ.

ಕೊಳ್ಳುವಾಗ ಮೇಸ್ತ್ರಿಗೆ ಅವರ ದಿನದ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಮೀಟರಿನಲ್ಲಿ ಮೂವತ್ತು ಸಾವಿರ ತೋರಿಸಿ, ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಅನುಮಾನಪಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ನೆರೆನೀರಿನಲ್ಲಿ ನಿಂತ ಗಾಡಿಯಾದರೆ, ಸುರುಳಿಯ ಒಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಸಿಗುತ್ತದೆ. ಸೀಟು, ಕಾರ್ಪೆಟ್ಟು ತೊಳೆಯುವವರು ಬೆಲ್ಟಿನ ಸುರುಳಿ ಬಿಚ್ಚಿ ತೊಳೆಯುವುದು ಕಡಿಮೆ. ನಾನು ನೋಡಿದ ಎರಡನೇ ಗಾಡಿಯಲ್ಲಿ ಆ ಗೆರೆ ಇತ್ತು. ಐದನೆಯದನ್ನು ಕೊಂಡೆ.

ಹೊರಗೆ ಇಪ್ಪತ್ತಾದರೂ ಕಾರು ನಿಂತಿವೆ, ಬರುವಾಗ ನೋಡಿದೆ. ಮಳೆ ಸ್ವಲ್ಪ ಬಿಟ್ಟ ಹಾಗಿದೆ. ಟಾರ್ಚು, ಸ್ಕ್ರೂಡ್ರೈವರ್ ಚೀಲದಲ್ಲೇ ಇದೆ. ಹತ್ತು ವರ್ಷ ದಾಟಿದ ಗಾಡಿಯವರು ಬನ್ನಿ, ಮೊದಲು ನಿಮ್ಮ ಹೊಸ್ತಿಲಿನ ಪಟ್ಟಿ ಎತ್ತಿ ನೋಡೋಣ. ಪ್ರಶ್ನೆಗಳನ್ನು ಅಲ್ಲೇ ಕೇಳಿ.